ಹಾಡೋ ಮೈಕು, ಅಳೆಯೋ ಮೈಕು

ಮೈಕು ಅಂದ ತಕ್ಷಣ ಮೈಸೂರಿನವರಿಗೆ ನೆನಪಾಗುವುದು ದಸರೆಯಲ್ಲಿ ಅರಮನೆ ಮುಂದೆ ನಡೆಯುವ ಕಚೇರಿ, ಇಲ್ಲಾಂದ್ರೆ ಗಣೇಶನ ಪೆಂಡಾಲಿನ "ಹಲೋ... ಮೈಕ್ ಟೆಸ್ಟಿಂಗ್... ಒನ್ ಟೂ ತ್ರೀ". ಎರಡೂ ಸದ್ದನ್ನು ಹೆಚ್ಚು ಮಾಡುವುದಕ್ಕೆ ಇರುವ ಮೈಕುಗಳು. ಸದ್ದನ್ನು ಅಳೆಯುವುದಕ್ಕೆ ಅಂತಲೇ ಇರುವ ಮೈಕಿನ ಜಾತಿಯೇ ಬೇರೆ. ಅದರ ಕಥೆಯನ್ನು ಕನ್ನಡದಲ್ಲಿ ಓದಿದ ನೆನಪು ನನಗಿಲ್ಲ. ಹಾಗಾಗಿ ನಾನೇ ಬರೆದುಬಿಡೋಣ ಅಂತ ಕೂತೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಓದಿ :)

ನಮ್ಮೂರಿನ ಮೈಕಿನಿಂದಲೇ ಶುರು ಮಾಡ್ತೀನಿ. 1935ರ ಸೆಪ್ಟೆಂಬರ್ 10ರಂದು ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ರೇಡಿಯೋ ಪ್ರಸಾರ ಆರಂಭಿಸಿದರು. ಟ್ರಾನ್ಸ್‌ಮಿಟರಿನ ಶಕ್ತಿ ಬರೀ 30 ವಾಟ್. ಹಳೇ ಕಾಲದ ಟ್ಯೂಬ್‌ಲೈಟಿಗಿಂತ ಕಮ್ಮಿ! ಅದೇ ಮುಂದೆ 'ಆಕಾಶವಾಣಿ' ಅಂತ ಹೆಸರಾಯಿತು ಅನ್ನುವ ಕಥೆ ನಿಮಗೆಲ್ಲ ಗೊತ್ತು. ಆದರೆ ನನಗೆ ಕುತೂಹಲ ಹುಟ್ಟಿಸುವುದು ಆ ಮನುಷ್ಯರ ಕಸುಬು. ಅವರು ಎಂಜಿನಿಯರ್ ಅಲ್ಲ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ ಓದಿ ಬಂದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದವರು. ಒಂದು ಸದ್ದು ಮನುಷ್ಯನಿಗೆ 'ಜೋರು' ಅನ್ನಿಸುವುದು ಯಾವಾಗ, ಎಷ್ಟು ಹೆಚ್ಚಿದರೆ 'ಎರಡು ಪಟ್ಟು ಜೋರು' ಅನ್ನಿಸುತ್ತದೆ ಅನ್ನುವುದೂ ಮೂಲದಲ್ಲಿ ಮನಃಶಾಸ್ತ್ರದ ಪ್ರಶ್ನೆಯೇ. ಸದ್ದನ್ನು ಅಳೆಯುವ ವಿದ್ಯೆ ಭೌತಶಾಸ್ತ್ರಕ್ಕೆ ಅರ್ಧ, ಮನಃಶಾಸ್ತ್ರಕ್ಕೆ ಅರ್ಧ ಸೇರಿದ್ದು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಆ ಕಾಲದಲ್ಲಿ ಎಲ್ಲರ ಕೈಗೂ ಸಿಗುತ್ತಿದ್ದ ಮೈಕು ಅಂದರೆ ಕಾರ್ಬನ್ ಮೈಕು. ಒಂದು ತಗಡಿನ ಹಿಂದೆ ಇದ್ದಿಲಿನ ಸಣ್ಣ ಹರಳುಗಳು. ಸದ್ದು ಬಂದು ತಗಡನ್ನು ಒತ್ತಿದರೆ ಹರಳುಗಳು ಒಂದಕ್ಕೊಂದು ಅಮುಕಿಕೊಂಡು ಹೆಚ್ಚು ಕರೆಂಟು ಹರಿಯುತ್ತದೆ. ಕಪ್ಪು ಫೋನುಗಳ ಕಾಲದಲ್ಲಿ "ಕೇಳಿಸ್ತಾ ಇಲ್ಲ" ಅಂದಾಗ ರಿಸೀವರನ್ನು ಅಂಗೈಗೆ ಎರಡು ಸಲ ಬಡಿದು ಮಾತಾಡುತ್ತಿದ್ದರಲ್ಲ? ಅದು ಮೂಢನಂಬಿಕೆ ಅಲ್ಲ. ಹರಳುಗಳು ಗಟ್ಟಿಯಾಗಿ ಕೂತುಬಿಟ್ಟರೆ ಮೈಕು ಮಂದವಾಗುತ್ತಿತ್ತು, ಬಡಿದರೆ ಸಡಿಲವಾಗುತ್ತಿತ್ತು. ಮಾತಾಡೋದಕ್ಕೆ ಇಷ್ಟು ಸಾಕು. ಆದರೆ ಅಳೆಯೋದಕ್ಕೆ? ಬಡಿಯುವ ಮುಂಚೆ ಒಂದು ಅಳತೆ, ಬಡಿದ ಮೇಲೆ ಇನ್ನೊಂದು ಅಳತೆ ಕೊಡುವ ತಕ್ಕಡಿಯಲ್ಲಿ ಯಾರಾದರೂ ಬೆಳ್ಳಿ ತೂಗುತ್ತಾರಾ?

1882ರಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ಒಂದು ಉಪಾಯ ಹೇಳಿದ್ದರು. ತೆಳುವಾದ ದಾರಕ್ಕೆ ಒಂದು ಪುಟ್ಟ ಬಿಲ್ಲೆಯನ್ನು ನೇತುಹಾಕಿದರೆ ಸದ್ದಿನ ಅಲೆಯಲ್ಲಿ ಅದು ತಿರುಗುತ್ತದೆ, ಎಷ್ಟು ತಿರುಗಿತು ಅಂತ ನೋಡಿ ಸದ್ದಿನ ಬಲವನ್ನು ಲೆಕ್ಕ ಹಾಕಬಹುದು. ಲೆಕ್ಕ ಪಕ್ಕಾ. ಆದರೆ ಯಾರಾದರೂ ಬಾಗಿಲು ತೆಗೆದರೆ ಆ ಗಾಳಿಗೇ ಬಿಲ್ಲೆ ತಿರುಗಿಬಿಡುತ್ತದೆ. ಬೀದಿಗೆ ತರುವ ಸಾಮಾನಲ್ಲ ಅದು.

ಬೀದಿಗೆ ತರುವಂಥದ್ದನ್ನು ಮಾಡಿದವರು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಎಡ್ವರ್ಡ್ ವೆಂಟೆ. 1917ರಲ್ಲಿ ಅವರು ಪ್ರಕಟಿಸಿದ ಲೇಖನ ಕಂಡೆನ್ಸರ್ ಮೈಕಿನದು. ಬಿಗಿಯಾಗಿ ಎಳೆದು ಕಟ್ಟಿದ ತೆಳು ಲೋಹದ ಹಾಳೆ, ಅದರ ಹಿಂದೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ಲೋಹದ ಫಲಕ. ಎರಡರ ನಡುವೆ ವಿದ್ಯುತ್ತಿನ ಒತ್ತಡ. ಹಾಳೆ ಕಂಪಿಸಿದಂತೆ ಅಂತರ ಬದಲಾಗುತ್ತದೆ, ಅದು ವಿದ್ಯುತ್ ಸಂಕೇತವಾಗುತ್ತದೆ. ಇದ್ದಿಲಿಲ್ಲ, ಹರಳಿಲ್ಲ, ಬಡಿಯುವ ಗೋಜಿಲ್ಲ. ಇಲ್ಲಿ ಒಂದು ತಮಾಷೆ ನೋಡಿ. ವೆಂಟೆ ಅದನ್ನು ಮಾಡಿದ್ದು ಹಾಡು ಮುದ್ರಿಸೋಕಲ್ಲ. ಲೇಖನದ ತಲೆಬರಹದಲ್ಲೇ ಹೇಳಿದ್ದಾರೆ, ಇದು ಸದ್ದಿನ ತೀವ್ರತೆಯನ್ನು ಅಳೆಯುವ ಉಪಕರಣ ಅಂತ. ಮುಂದೆ ಸಿನಿಮಾದವರು, ಗ್ರಾಮಫೋನಿನವರು ಅದನ್ನು ಎತ್ತಿಕೊಂಡು ಹೋದರು. ಇವತ್ತು ಸ್ಟುಡಿಯೋಗಳಲ್ಲಿ ಲಕ್ಷಗಟ್ಟಲೆ ಬೆಲೆಬಾಳುವ ಕಂಡೆನ್ಸರ್ ಮೈಕುಗಳ ಮುತ್ತಾತ ಒಂದು ಅಳತೆಗೋಲು!

ಆದರೆ ಆಮೇಲೆ ದಾರಿ ಎರಡಾಯಿತು. ಹಾಡುವ ಮೈಕು ಕಿವಿಗೆ ಇಂಪಾಗಲಿ ಅಂತ ತಿದ್ದಿಸಿಕೊಂಡಿತು. ಗಾಯಕರ ಧ್ವನಿಗೆ ಸ್ವಲ್ಪ ಹೊಳಪು, ಹಿಂದಿನಿಂದ ಬರುವ ಗದ್ದಲ ಕೇಳಿಸದ ಹಾಗೆ ಒಂದೇ ದಿಕ್ಕಿಗೆ ಕಿವಿ. ಅಳೆಯುವ ಮೈಕಿಗೆ ಇದ್ಯಾವುದೂ ಬೇಡ. ಅದು ಎಲ್ಲ ಸ್ವರಗಳನ್ನೂ ಸಮನಾಗಿ ಕಾಣಬೇಕು, ಯಾವ ದಿಕ್ಕಿನಿಂದ ಬಂದರೂ ಕೇಳಿಸಿಕೊಳ್ಳಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಇವತ್ತು ಹೇಳಿದ್ದನ್ನೇ ಹತ್ತು ವರ್ಷ ಬಿಟ್ಟೂ ಹೇಳಬೇಕು. ನನ್ನ ಪ್ರಕಾರ ಅಳೆಯುವ ಮೈಕಿನ ಇಡೀ ಚರಿತ್ರೆ ಈ ಕೊನೆಯ ಗುಣದ್ದೇ. ಅಂಗಡಿಯಲ್ಲಿ "ಸಾರ್, ಇದರ ಕ್ಲಾರಿಟಿ ನೋಡಿ" ಅಂತಾರಲ್ಲ, ಆ ಕ್ಲಾರಿಟಿಗೂ ಇದಕ್ಕೂ ಸಂಬಂಧವಿಲ್ಲ.

ಊರಿನ ಗಲಾಟೆಯನ್ನು ಮೈಕಿನಿಂದ ಅಳೆಯುವ ದೊಡ್ಡ ಕೆಲಸ ಮೊದಲು ನಡೆದದ್ದು ನ್ಯೂಯಾರ್ಕಿನಲ್ಲಿ. 1929ರಲ್ಲಿ ಅಲ್ಲಿನ ಆಡಳಿತ ಗದ್ದಲ ತಗ್ಗಿಸಲು ಒಂದು ಆಯೋಗ ನೇಮಿಸಿತು. ಉಪಕರಣ ತುಂಬಿದ ಲಾರಿ ಬೀದಿಬೀದಿ ತಿರುಗಿತು. 1930ರಲ್ಲಿ ವರದಿ ಬಂತು. ಡೆಸಿಬಲ್ ಅನ್ನುವ ಪದಕ್ಕೇ ಆಗ ಒಂದೆರಡು ವರ್ಷ ವಯಸ್ಸು. ಅದು ಟೆಲಿಫೋನ್ ಕಂಪನಿಯವರು ತಮ್ಮ ತಂತಿಗಳ ಲೆಕ್ಕಕ್ಕೆ ಮಾಡಿಕೊಂಡ ಪದ.

1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಜನರನ್ನು ಕೂರಿಸಿ ಬೇರೆಬೇರೆ ಸ್ವರಗಳನ್ನು ಕೇಳಿಸಿ, ಯಾವುದು ಯಾವುದರಷ್ಟೇ ಜೋರು ಅನ್ನಿಸುತ್ತದೆ ಅಂತ ಕೇಳಿದರು. ಮನಃಶಾಸ್ತ್ರ ಬಂತಲ್ಲ? ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ತಗ್ಗು ಸ್ವರ, ಅಂದರೆ ದಮ್ ದಮ್ ಅನ್ನುವ ಸ್ವರ, ಸರಿಯಾಗಿ ಕೇಳುವುದಿಲ್ಲ ಅಂತ ಗೊತ್ತಾಯಿತು. ಅದನ್ನೇ ಉಪಕರಣಕ್ಕೂ ಕಲಿಸಿದರು. 1936ರ ಅಮೆರಿಕದ ಮಾನದಂಡದಲ್ಲಿ ಬಂದ 'ಎ' ಅನ್ನುವ ಸೋಸುವ ಜರಡಿ ಅದೇ. ಇವತ್ತಿಗೂ ನಮ್ಮ ಕಾನೂನಿನಲ್ಲಿ ಡೆಸಿಬಲ್ ಮುಂದೆ ಕೂತಿರುವ 'ಎ' ಅದೇ ಅಕ್ಷರ. ಮೆಲ್ಲನೆಯ ಸದ್ದಿಗೆ ಅಂತ ಮಾಡಿದ್ದನ್ನು ಎಲ್ಲ ಸದ್ದಿಗೂ ಹಚ್ಚಿಬಿಟ್ಟಿದ್ದೇವೆ. 63 ಹರ್ಟ್ಸ್‌ನ ಸ್ವರದಿಂದ ಈ ಜರಡಿ 26 ಡೆಸಿಬಲ್ ಕಳೆದುಬಿಡುತ್ತದೆ. 125 ಹರ್ಟ್ಸ್‌ನಿಂದ 16. ಹಾಗಾಗಿ ಡಿಜೆಯ ಬಾಸ್‌ಗೆ ನಿಮ್ಮ ಕಿಟಕಿ ಗಾಜು ಗಡಗಡ ಅಂದರೂ ಮೀಟರಿನಲ್ಲಿ ಅಂಕಿ ಸಾಧುವಾಗಿಯೇ ಕಾಣುತ್ತದೆ. 'ಸಿ' ಅನ್ನುವ ಇನ್ನೊಂದು ಜರಡಿ 63 ಹರ್ಟ್ಸ್‌ನಲ್ಲಿ ಕಳೆಯುವುದು ಒಂದು ಡೆಸಿಬಲ್ಲಿಗಿಂತ ಕಡಿಮೆ. ಎರಡನ್ನೂ ಓದಿ ಬರೆದಿಟ್ಟುಕೊಂಡರೆ ಬಾಸ್ ಎಷ್ಟಿದೆ ಅಂತ ಸುಳಿವು ಸಿಗುತ್ತದೆ.

ನಾನು ಇದರ ಬೆನ್ನು ಹತ್ತಿದ್ದೇ ಇಂಥ ಡಿಜೆಯಿಂದ. ನಮ್ಮ ಬಡಾವಣೆಯಲ್ಲಿ ಒಂದು ಕಲ್ಯಾಣ ಮಂಟಪವಿದೆ. ಹೆಸರು ಬೇಡ. ಬೆಳಿಗ್ಗೆ ಮುಹೂರ್ತದ ವಾಲಗಕ್ಕೆ ಯಾರ ತಕರಾರೂ ಇಲ್ಲ. ಸಂಜೆ ಆರತಕ್ಷತೆಗೆ ಶುರುವಾಗುವುದು ರಾತ್ರಿ ಹತ್ತಕ್ಕೆ ಐದು ನಿಮಿಷ ಇರುವಾಗ ಕರಾರುವಾಕ್ಕಾಗಿ ನಿಲ್ಲುತ್ತದೆ. ಕಾನೂನು ಓದಿಕೊಂಡವರು ಅವರು! ಹಿಂದಿನ ರಸ್ತೆಯಲ್ಲಿ ಲಕ್ವ ಹೊಡೆದು ಮಲಗಿರುವ ಹಿರಿಯರೊಬ್ಬರಿದ್ದಾರೆ. ಲಗ್ನದ ಸೀಸನ್ನು ಅಂದರೆ ಅವರ ಮನೆಯವರಿಗೆ ಭಯ. ದೂರು ಕೊಡೋಣ ಅಂತ ಸಂಘದವರು ಸೇರಿದಾಗ ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, "ನೀವು ಎಲೆಕ್ಟ್ರಾನಿಕ್ಸ್ ಓದಿದವರಲ್ವಾ ಸಾರ್, ಯಾವ ಮೈಕು ತಗೋಬೇಕು ಹೇಳಿಬಿಡಿ" ಅಂದರು.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಮನೆಗಳಿರುವ ಕಡೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ಆಮೇಲೆ 45. ಅಂಗಡಿ ಬೀದಿಗಳಲ್ಲಿ 65 ಮತ್ತು 55. ಆದರೆ ದೂರು ಕೊಡಲು ಬರೀ ಮಿತಿ ದಾಟಿದರೆ ಸಾಲದು, 10 ಡೆಸಿಬಲ್ ಅಥವಾ ಹೆಚ್ಚು ದಾಟಿರಬೇಕು. 2010ರ ತಿದ್ದುಪಡಿ ರಾತ್ರಿಯ ನಿರ್ಬಂಧ ಮುರಿದರೂ ದೂರು ಕೊಡಬಹುದು ಅಂತ ಸೇರಿಸಿತು. ಆದರೆ ನಮ್ಮ ಮಂಟಪದವರು ಹತ್ತಕ್ಕೆ ನಿಲ್ಲಿಸುತ್ತಾರಲ್ಲ! ಹಾಗಾಗಿ ನಮಗೆ ಬೇಕಾದದ್ದು 65ನ್ನು ದಾಟುವ, ಯಾರೂ ಅಲ್ಲಗಳೆಯಲಾಗದ ಒಂದು ಅಂಕಿ. ಮೀಟರು 66 ಅಂತ ತೋರಿಸಿ, ಅದರ ಮೈಕೇ ಮೂರು ಡೆಸಿಬಲ್ ಆಚೀಚೆ ಓಡಾಡುವಂಥದ್ದಾದರೆ ಎದುರು ಪಾರ್ಟಿಯ ವಕೀಲರು ಸುಮ್ಮನೆ ಬಿಡ್ತಾರಾ? ಮೂರು ಡೆಸಿಬಲ್ ಅಂದರೆ ಶಕ್ತಿಯ ಲೆಕ್ಕದಲ್ಲಿ ಎರಡು ಪಟ್ಟು.

ಮೈಕಿನ ಒಂದೊಂದು ಡೆಸಿಬಲ್ಲಿಗೂ ಎಷ್ಟು ಬೆಲೆ ಅಂತ ತಿಳಿಯಬೇಕಾದರೆ ನಮ್ಮೂರಲ್ಲಿ ಹೋಗಬೇಕಾದ ಜಾಗ ಮಾನಸಗಂಗೋತ್ರಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಸಾಕು. 1965ರಲ್ಲಿ ಲೋಗೋಪೀಡಿಕ್ಸ್ ಸಂಸ್ಥೆ ಅನ್ನುವ ಬಾಯಿಗೆ ಬಾರದ ಹೆಸರಿನಿಂದ ಶುರುವಾಗಿ, ಮರುವರ್ಷ ಈಗಿನ ಹೆಸರು ಪಡೆಯಿತು. (ಇದರ ನಿರ್ದೇಶಕರಾಗಿದ್ದ ಡಾ. ನ. ರತ್ನ ಅವರನ್ನು ನಾಟಕದವರು 'ಸಮತೆಂತೋ' ತಂಡದವರಾಗಿ ಬಲ್ಲರು. ರಂಗದ ಮೇಲಿನ ಮಾತು, ಪ್ರಯೋಗಾಲಯದ ಮಾತು, ಎರಡರ ಚಾಕರಿಯೂ ಒಬ್ಬರೇ ಮಾಡಿದರು!)

ಅಲ್ಲಿ ಮಗುವಿನ ಕಿವಿ ಪರೀಕ್ಷೆಗೆ ಆಡಿಯೋಮೀಟರ್ ಅನ್ನುವ ಯಂತ್ರ ಬಳಸುತ್ತಾರೆ. ಇಯರ್‌ಫೋನಿನಲ್ಲಿ ಸಣ್ಣಸಣ್ಣ ಸ್ವರ ಬರುತ್ತದೆ, ಕೇಳಿಸಿದರೆ ಮಗು ಕೈ ಎತ್ತಬೇಕು. ಆ ಇಯರ್‌ಫೋನು ನಿಜವಾಗಿ ಎಷ್ಟು ಸದ್ದು ಕೊಡುತ್ತಿದೆ ಅಂತ ನೋಡುವವರು ಯಾರು? ಅದಕ್ಕೆ 6 ಘನ ಸೆಂಟಿಮೀಟರ್ ಗಾಳಿ ಹಿಡಿಯುವ ಒಂದು ಲೋಹದ ಬಟ್ಟಲಿದೆ. ಕಿವಿಯ ಬದಲಿ ಅನ್ನಿ. ಅದರ ತಳದಲ್ಲಿ ಒಂದಿಂಚಿನ ಕಂಡೆನ್ಸರ್ ಮೈಕು. ಇಯರ್‌ಫೋನನ್ನು ಬಟ್ಟಲಿನ ಮೇಲಿಟ್ಟು ಓದುತ್ತಾರೆ. ಒಂದಿಂಚೇ ಯಾಕೆ? ವೆಂಟೆಯ ಮೈಕಿನ ವಂಶದಲ್ಲೇ ಹುಟ್ಟಿದ ವೆಸ್ಟರ್ನ್ ಎಲೆಕ್ಟ್ರಿಕ್‌ನ 640ಎಎ ಅನ್ನುವ ಮೈಕು ಆ ಅಳತೆಯದು. ಅದು ಸ್ಥಿರವಾಗಿತ್ತು ಅಂತ ಪ್ರಮಾಣವಾಯಿತು. ಡೆನ್ಮಾರ್ಕಿನಲ್ಲಿ 1942ರಲ್ಲಿ ಪೆರ್ ಬ್ರೂಯೆಲ್ ಮತ್ತು ವಿಗ್ಗೋ ಕ್ಯಾರ್ ಕಟ್ಟಿದ 'ಬಿ ಅಂಡ್ ಕೆ' ಕಂಪನಿ ಅದೇ ಅಳತೆಯಲ್ಲಿ ತನ್ನ ಮೈಕುಗಳನ್ನು ಮಾಡಿ ಜಗತ್ತಿಗೆಲ್ಲ ಮಾರಿತು.

ಈ ಬಟ್ಟಲಿನ ಮೈಕು ಐದು ಡೆಸಿಬಲ್ ತಪ್ಪು ಹೇಳಿತು ಅನ್ನಿ. ಆ ಯಂತ್ರದಲ್ಲಿ ಪರೀಕ್ಷೆಯಾದ ಪ್ರತಿ ಮಗುವಿನ ಲೆಕ್ಕವೂ ಐದು ತಪ್ಪು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಗೆ 60ರಿಂದ 70 ಡೆಸಿಬಲ್ ನಷ್ಟವಿದ್ದರೆ 'ಕೇಳಿಸುವುದು ಕಷ್ಟ' ಅನ್ನುವ ವರ್ಗ, 70 ಆದರೆ 'ಕಿವುಡು'. 58ಕ್ಕೂ 63ಕ್ಕೂ ನಡುವೆ ಒಂದು ಸರ್ಟಿಫಿಕೇಟು, ಅದರ ಹಿಂದೆ ಒಂದು ಸ್ಕಾಲರ್‌ಶಿಪ್ಪು, ಒಂದು ಮೀಸಲಾತಿ. ತಪ್ಪಿದ್ದು ಮಗುವಿನ ಕಿವಿಯಲ್ಲ, ಬಟ್ಟಲಿನ ತಳದಲ್ಲಿರುವ ಮೈಕು ಅಂತ ಆ ತಾಯಿಗೆ ಹೇಗೆ ಗೊತ್ತಾಗಬೇಕು?

ಇನ್ನು ಗಾತ್ರದ ವಿಚಾರ. ನಗಾರಿಗೂ ದಮಡಿಗೂ ಇರುವ ವ್ಯತ್ಯಾಸ ಅಂದುಕೊಳ್ಳಿ. ಒಂದಿಂಚಿನ ಮೈಕಿನ ಹಾಳೆ ದೊಡ್ಡದು, ಪಿಸುಮಾತಿಗೂ ಅಲುಗುತ್ತದೆ. ಸದ್ದೇ ಇಲ್ಲದ ಪರೀಕ್ಷಾ ಕೋಣೆಯ ಸದ್ದನ್ನು ಅಳೆಯಬೇಕಾದರೆ ಅದೇ ಬೇಕು. ಆದರೆ 10,000 ಹರ್ಟ್ಸ್‌ನ ಅಲೆಯ ಉದ್ದವೇ ಸುಮಾರು ಮೂರೂವರೆ ಸೆಂಟಿಮೀಟರ್. ಅಷ್ಟು ಚಿಕ್ಕ ಅಲೆಗೆ ಒಂದಿಂಚಿನ ಮೈಕು ದಾರಿಗಡ್ಡ ನಿಂತ ಬಂಡೆಯ ಹಾಗೆ. ಅಲೆ ಅದಕ್ಕೆ ಬಡಿದು ಅಲ್ಲೇ ಸದ್ದು ಹೆಚ್ಚುತ್ತದೆ. ಆದ್ದರಿಂದ ಬಯಲಿನಲ್ಲಿ ಸದ್ದಿನ ಕಡೆ ಮುಖ ಮಾಡಿ ಹಿಡಿಯುವ ಮೈಕಿನಲ್ಲಿ ಆ ಹೆಚ್ಚಳವನ್ನು ಮೊದಲೇ ಕಳೆದಿರುತ್ತಾರೆ, ಅದಕ್ಕೆ ಫ್ರೀ ಫೀಲ್ಡ್ ಮೈಕು ಅಂತ ಹೆಸರು. ಬಟ್ಟಲಿನ ತಳದಲ್ಲಿ ಕೂರುವುದು ಪ್ರೆಶರ್ ಮೈಕು, ಅದರಲ್ಲಿ ಕಳೆದಿರುವುದಿಲ್ಲ. ನೋಡೋಕೆ ಅಣ್ಣತಮ್ಮಂದಿರು. ಅದಲು ಬದಲಾದರೆ ಮೇಲಿನ ಸ್ವರಗಳಲ್ಲಿ ಹಲವು ಡೆಸಿಬಲ್ ವ್ಯತ್ಯಾಸ. ಅರ್ಧ ಇಂಚಿನ ಮೈಕು ಈ ಎಲ್ಲದರ ನಡುವಿನ ರಾಜಿ. ಬೀದಿಯ ಗದ್ದಲಕ್ಕೆ ಲೋಕವೆಲ್ಲ ಬಳಸುವುದು ಅದನ್ನೇ.

ಕಾಲಿಂಚಿನದು ಯಾರಿಗೆ ಬೇಕು ಅಂತೀರಾ? ವಿಜಯದಶಮಿಯ ದಿನ ಅರಮನೆ ಆವರಣದಲ್ಲಿ ರಾಷ್ಟ್ರಗೀತೆ ನುಡಿಯುವಾಗ 7 ಫಿರಂಗಿಗಳಿಂದ 21 ಕುಶಾಲತೋಪು ಹಾರಿಸುತ್ತಾರಲ್ಲ, ಅದಕ್ಕೆ! ಬೆದರದಿರಲಿ ಅಂತ ಆನೆ ಕುದುರೆಗಳಿಗೆ ಮೊದಲೇ ತಾಲೀಮು ಕೊಡುತ್ತಾರೆ. ಮೈಕಿಗೆ ತಾಲೀಮು ಕೊಡಲಾಗುವುದಿಲ್ಲ. ಅಂಥ ಹೊಡೆತಕ್ಕೆ ದೊಡ್ಡ ಹಾಳೆ ತನ್ನ ಮಿತಿ ಮೀರಿ, ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ಕಾಲಿಂಚಿನ ಪುಟ್ಟ ಮೈಕು 160 ಡೆಸಿಬಲ್ ದಾಟಿದರೂ ಸಮಾಧಾನವಾಗಿರುತ್ತದೆ, ಆದರೆ ಮೆಲ್ಲನೆಯ ಸದ್ದು ಅದಕ್ಕೆ ಕೇಳುವುದೇ ಇಲ್ಲ. ಪಟಾಕಿಗೂ ಹೀಗೆಯೇ. 1999ರ ಅಧಿಸೂಚನೆಯ ಪ್ರಕಾರ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 145 ಡೆಸಿಬಲ್ 'ಸಿ' ಶಿಖರ ದಾಟುವ ಪಟಾಕಿ ನಿಷಿದ್ಧ. ದೀಪಾವಳಿಯಲ್ಲಿ ಮೊಬೈಲ್ ಹಿಡಿದುಕೊಂಡು "ನಮ್ಮ ಬೀದೀಲಿ 110 ಬಂತು" ಅನ್ನುವವರಿಗೆ ಹೇಳಬೇಕಾದ ಮಾತು ಒಂದೇ. ಅದು ಪಟಾಕಿಯ ಮಿತಿ ಅಲ್ಲ, ನಿಮ್ಮ ಫೋನಿನ ಮಿತಿ.

ಫೋನಿನೊಳಗಿನ ಮೈಕಿಗೂ ಒಂದು ವಂಶಾವಳಿ ಇದೆ. 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಒಂದು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ವಿದ್ಯುದಾವೇಶವನ್ನು ಶಾಶ್ವತವಾಗಿ ಹಿಡಿದಿಡುವ ಎಲೆಕ್ಟ್ರೆಟ್ ಮೈಕು ಮಾಡಿದರು. ಅದಕ್ಕೆ ಮುಂಚೆ ಕಂಡೆನ್ಸರ್ ಅಳತೆ ಮೈಕಿಗೆ ಹೊರಗಿನಿಂದ 200 ವೋಲ್ಟ್ ಕೊಡಬೇಕಿತ್ತು. ಮಳೆಗಾಲದ ತೇವದಲ್ಲಿ ಆ ವೋಲ್ಟೇಜು ಸೋರಿ ಮೈಕು ಚಟಪಟ ಅನ್ನುವುದು ಆ ತಲೆಮಾರಿನವರಿಗೆ ಗೊತ್ತಿದ್ದ ತಲೆನೋವು. ಎಲೆಕ್ಟ್ರೆಟ್ ಬಂದ ಮೇಲೆ ಅದು ಹೋಯಿತು, ಬೆಲೆಯೂ ಕುಸಿಯಿತು. ಟೇಪ್‌ರೆಕಾರ್ಡರಿನಿಂದ ಹಿಡಿದು ಶ್ರವಣಯಂತ್ರದವರೆಗೆ ಎಲ್ಲ ಕಡೆ ಅದೇ. ಈಗಿನ ಫೋನುಗಳಲ್ಲಿರುವುದು ಇನ್ನೂ ಚಿಕ್ಕದು, ಸಿಲಿಕಾನಿನಲ್ಲಿ ಕೆತ್ತಿದ್ದು. ಅಮೆರಿಕದ ನಿಯೋಶ್ ಸಂಸ್ಥೆ 2017ರಲ್ಲಿ ಹೊರತಂದ ಆಪ್ ಐಫೋನಿನಲ್ಲಿ ಎರಡು ಡೆಸಿಬಲ್ ಆಚೀಚೆಯಲ್ಲಿ ಓದುತ್ತದೆ. ಆಂಡ್ರಾಯ್ಡಿಗೆ ಅವರು ಕೈ ಹಾಕಲಿಲ್ಲ, ಒಂದು ಫೋನಿನ ಮೈಕಿನಂತೆ ಇನ್ನೊಂದಿಲ್ಲ ಅಂತ. ಯಾವ ದಿನ ಗಲಾಟೆ ಹೆಚ್ಚು, ಯಾವ ದಿನ ಕಡಿಮೆ ಅಂತ ನೋಡಿಕೊಳ್ಳೋಕೆ ಫೋನು ಸಾಕು. ಅರ್ಜಿಗೆ ಲಗತ್ತಿಸೋಕೆ ಸಾಲದು.

ಹಾಗಾದರೆ ಸಂಘಕ್ಕೆ ಏನು ಹೇಳಿದೆ? ಅರ್ಧ ಇಂಚಿನ ಎಲೆಕ್ಟ್ರೆಟ್ ಮೈಕಿರುವ ಮೀಟರು. ಕ್ಲಾಸ್ 1 ಸಿಕ್ಕರೆ ಒಳ್ಳೆಯದು, ದುಡ್ಡು ಸಾಲದಿದ್ದರೆ ಕ್ಲಾಸ್ 2. 1000 ಹರ್ಟ್ಸ್‌ನ ಸುತ್ತಮುತ್ತ ಎರಡಕ್ಕೂ ಹೆಚ್ಚು ಅಂತರವಿಲ್ಲ, 8000ದ ಹತ್ತಿರ ಕ್ಲಾಸ್ 2ಕ್ಕೆ ಸುಮಾರು ಐದು ಡೆಸಿಬಲ್ಲಿನಷ್ಟು ರಿಯಾಯಿತಿ ಇದೆ. ಡಿಜೆಯ ಗಲಾಟೆ ಬರುವುದು ಕೆಳಗಿನಿಂದ, ಹಾಗಾಗಿ ನಮಗೆ ನಷ್ಟ ಕಡಿಮೆ. ಸ್ಟುಡಿಯೋ ಮೈಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸುವ ಉಪಾಯ ಹೇಳಿದ ಹುಡುಗರಿಗೆ ಬೇಡ ಅಂದೆ. ಮೈಕಿಗೆ ಸ್ಪಂಜಿನ ಉಂಡೆ ಕಡ್ಡಾಯ, ಗಾಳಿ ಬೀಸಿದ್ದೂ ಸದ್ದಾಗಿ ಓದುತ್ತದೆ. ಗೋಡೆಗೆ ಒತ್ತಿ ನಿಂತರೆ ಗೋಡೆಯಿಂದ ವಾಪಸು ಬಂದ ಸದ್ದೂ ಸೇರಿ ಸುಮಾರು 3 ಡೆಸಿಬಲ್ ಹೆಚ್ಚು ಬರುತ್ತದೆ, ಅದು ಎದುರಿನವರಿಗೆ ನಾವೇ ಕೊಟ್ಟ ಅಸ್ತ್ರ. ಮೂರೂವರೆ ಮೀಟರ್ ದೂರ, ನಿಂತ ಮನುಷ್ಯನ ಎದೆಮಟ್ಟದ ಎತ್ತರ.

ಮೀಟರಿನಷ್ಟೇ ಮುಖ್ಯವಾದದ್ದು ಕ್ಯಾಲಿಬ್ರೇಟರ್. ಮೈಕಿನ ಮೂತಿಗೆ ಸಿಕ್ಕಿಸಿದರೆ 1000 ಹರ್ಟ್ಸ್‌ನಲ್ಲಿ ಸರಿಯಾಗಿ 94 ಡೆಸಿಬಲ್ ಕೂಗುವ ಪುಟ್ಟ ಡಬ್ಬಿ. ಅಳೆಯುವ ಮುಂಚೆ ಒಂದು ಸಲ, ಅಳೆದ ಮೇಲೆ ಒಂದು ಸಲ ಹಾಕಿ, ಎರಡೂ ಓದನ್ನು ತಾರೀಕಿನ ಜೊತೆ ಬರೆದಿಡಬೇಕು. ಮೀಟರು ಹಳೆಯದಾದರೂ ಪರವಾಗಿಲ್ಲ, ಈ ಡಬ್ಬಿಗೆ ಮಾನ್ಯತೆ ಪಡೆದ ಲ್ಯಾಬಿನ ಸರ್ಟಿಫಿಕೇಟು ಇರಲಿ ಅಂತ ಹಟ ಹಿಡಿದೆ. ಖಜಾಂಚಿಗಳು ಮುಖ ಸಿಂಡರಿಸಿದರು, ಕೊನೆಗೆ ಒಪ್ಪಿದರು.

ಹಳೆಯ ಪ್ರಯೋಗಾಲಯಗಳಲ್ಲಿ ಇದೇ ಕೆಲಸಕ್ಕೆ ಪಿಸ್ಟನ್‌ಫೋನ್ ಅಂತ ಒಂದಿರುತ್ತಿತ್ತು. ಪುಟ್ಟ ಪಿಸ್ಟನ್ನುಗಳು ಗಾಳಿಯನ್ನು ಅಮುಕಿ 250 ಹರ್ಟ್ಸ್‌ನಲ್ಲಿ 124 ಡೆಸಿಬಲ್ ಕೊಡುತ್ತವೆ. ಅದರ ಜೊತೆಗೇ ಒಂದು ವಾಯುಭಾರಮಾಪಕವನ್ನೂ ಕೊಡುತ್ತಿದ್ದರು. ಯಾಕೆ ಅಂತ ನಾನು ಲೆಕ್ಕ ಹಾಕಿ ನೋಡಿದೆ. ಆ 124 ಇರುವುದು ಸಮುದ್ರ ಮಟ್ಟದ ಗಾಳಿಗೆ. ಮಂಗಳೂರಿನಲ್ಲಿ ಸರಿ. ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ಇಲ್ಲಿ ಗಾಳಿಯ ಒತ್ತಡ ಶೇಕಡ 9ರಷ್ಟು ಕಡಿಮೆ, ಹಾಗಾಗಿ ಅದೇ ಪಿಸ್ಟನ್‌ಫೋನ್ ಇಲ್ಲಿ ಕೊಡುವುದು 123.2. ಚಾಮುಂಡಿ ಬೆಟ್ಟದ ಮೇಲೆ ಹೋದರೆ 122.9. ಒಂದು ಸಾವಿರ ಮೆಟ್ಟಿಲು ಹತ್ತಿದ್ದಕ್ಕೆ 0.3 ಡೆಸಿಬಲ್!